ಗುರುಶಿದ್ದಪ್ಪನವರು ಬರೆದಿಟ್ಟ ಹನ್ನೆರಡು ಅಳತೆ

ಗುರುಶಿದ್ದಪ್ಪನವರನ್ನು ನಮ್ಮ ಹೈಸ್ಕೂಲಿಗೆ ಕರೆಸಿದವನು ನಾನೇ. ಆಗ ನಾನು ಧಾರವಾಡ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಬಿಂದುಮಾಧವ ಸರ್ ಎಂದರೆ ಸುತ್ತಲಿನ ಜನಕ್ಕೆ ಗೊತ್ತು. ಅಂದು ನಡೆದದ್ದರಲ್ಲಿ ನನ್ನ ತಪ್ಪೂ ಇರುವುದರಿಂದ ಈ ಕತೆಯನ್ನು ದೂರ ನಿಂತು ಹೇಳಲು ನನಗೆ ಬರುವುದಿಲ್ಲ.

ಗುರುಶಿದ್ದಪ್ಪನವರು ಹುಟ್ಟಿದ್ದು ಮುಗದದಲ್ಲಿ, ಒಕ್ಕಲುತನದ ಮನೆಯಲ್ಲಿ. ಹತ್ತನೇ ತರಗತಿ ಮುಗಿಸಿ ಐಟಿಐ ಮಾಡಿಕೊಂಡು ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಗೆ ಟರ್ನರ್ ಆಗಿ ಸೇರಿದರು. ಹತ್ತು ವರ್ಷ ಲೇಥಿನ ಮುಂದೆ ನಿಂತಮೇಲೆ ತಪಾಸಣೆಯ ಮೇಜಿಗೆ ಬಂದರು. ಮುಗಿದು ಬಂದ ಪ್ರತಿ ತುಂಡನ್ನೂ ಅಳೆದು, ಕೂದಲೆಳೆಯಷ್ಟು ಆಚೀಚೆ ಇದ್ದರೂ ಪಕ್ಕಕ್ಕೆ ಇಡುವುದು ಅಲ್ಲಿಯ ಕೆಲಸ. ಒಮ್ಮೆ ಶಾಬುದ್ದೀನ ಎಂಬ ಜೊತೆಗಾರ ಅಳೆಯುವ ಗೇಜು ಹಚ್ಚದೆಯೇ ನಲವತ್ತು ತುಂಡುಗಳ ಅಳತೆಯನ್ನು ಅಂದಾಜಿನ ಮೇಲೆ ಬರೆದಿದ್ದ. ಗುರುಶಿದ್ದಪ್ಪ ಅದನ್ನು ಹಿಡಿದು ಸಾಹೇಬರ ಮುಂದೆ ಇಟ್ಟರು. ಶಾಬುದ್ದೀನನನ್ನು ಪ್ಯಾಕಿಂಗಿಗೆ ಹಾಕಿದರು. ನಿವೃತ್ತನಾಗುವವರೆಗೂ ಆತ ಕಟ್ಟಿಗೆಯ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಲೇ ಉಳಿದ. ಸುಳ್ಳು ಅಳತೆ ಬರೆದವನಿಗೆ ಅದು ಕಡಿಮೆಯೇ ಶಿಕ್ಷೆ ಎಂದು ಗುರುಶಿದ್ದಪ್ಪನವರಿಗೆ ಆಗ ಅನಿಸಿತ್ತು.

ದುರ್ಬೀನಿನ ಹುಚ್ಚು ಹತ್ತಿದ್ದು ದುರ್ಗದಬೈಲಿನ ಪೇಟೆಯಲ್ಲಿ ಸಿಕ್ಕ ಒಂದು ಹಳೇ ಇಂಗ್ಲಿಷ್ ಪುಸ್ತಕದಿಂದ. ದುರ್ಬೀನಿನ ಕನ್ನಡಿಯನ್ನು ಮನೆಯಲ್ಲೇ ತಿಕ್ಕಿ ಮಾಡುವುದು ಹೇಗೆಂದು ಅದರಲ್ಲಿ ಚಿತ್ರಸಮೇತ ಇತ್ತು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಚಿತ್ರವೂ ಅಳತೆಯೂ ಅರ್ಥವಾಗುತ್ತಿದ್ದವು. ಆರಿಂಚಿನ ಎರಡು ದಪ್ಪ ಗಾಜಿನ ಬಿಲ್ಲೆ ತರಿಸಿದರು. ಬೈರಿದೇವರಕೊಪ್ಪದ ಬಾಡಿಗೆ ಮನೆಯ ಹಿತ್ತಲಲ್ಲಿ ತಗಡಿನ ಪೀಪಾಯಿ ನಿಲ್ಲಿಸಿ, ಅದರ ಸುತ್ತ ತಿರುಗುತ್ತ ಎಂಟು ತಿಂಗಳು ಒಂದರ ಮೇಲೊಂದು ಗಾಜು ತಿಕ್ಕಿದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಸಂಗವ್ವನವರಿಗೆ ಗಂಡ ಗಾಣದ ಎತ್ತಿನಂತೆ ಕಂಡರಂತೆ. "ಮಗ್ಗಲ ಮನ್ಯಾಕಿ ಕೇಳಿದ್ಲು, ಎಣ್ಣಿ ಎಷ್ಟ ಬರ್ತೈತಿ ಅಂತ," ಎಂದು ಅವರು ಈಗಲೂ ನಗುತ್ತಾರೆ.

ಆ ದುರ್ಬೀನಿನಲ್ಲಿ ಗುರುಶಿದ್ದಪ್ಪನವರಿಗೆ ಬಹಳ ಹಿಡಿಸಿದ್ದು ಚಂದ್ರನೂ ಅಲ್ಲ, ಶನಿಯೂ ಅಲ್ಲ. ಅಭಿಜಿತ್ ನಕ್ಷತ್ರದ ಹತ್ತಿರ, ವೀಣಾ ಎಂಬ ಸಣ್ಣ ನಕ್ಷತ್ರಪುಂಜದಲ್ಲಿ ಹೊಗೆಯ ಉಂಗುರದಂಥದ್ದು ಒಂದಿದೆ. ಉಂಗುರ ನೀಹಾರಿಕೆ ಎನ್ನುತ್ತಾರೆ. ನಮ್ಮ ಸೂರ್ಯನಂಥ ನಕ್ಷತ್ರ ಮುದಿಯಾದಾಗ ಉಬ್ಬಿ, ಮೈಮೇಲಿನ ಅನಿಲವನ್ನೆಲ್ಲ ಹೊರಗೆ ಚೆಲ್ಲುತ್ತದೆ. ಒಳಗಿನ ತಿರುಳು ಬಯಲಾಗಿ ಕೆಲವು ಸಾವಿರ ವರ್ಷ ಮತ್ತಷ್ಟು ಬಿಸಿಯಾಗುತ್ತ ಹೋಗುತ್ತದೆ. ಅದರ ಬೆಳಕಿನಿಂದ ಚೆಲ್ಲಿದ ಅನಿಲ ಹೊಳೆಯುತ್ತದೆ. ಅದರಿಂದ ಬೀಸುವ ಗಾಳಿ ಅನಿಲವನ್ನು ಹಿಂದಿನಿಂದ ನೂಕಿ ಇನ್ನೂ ಜೋರಾಗಿ ಓಡಿಸುತ್ತದೆ. ಆಮೇಲೆ ಒಳಗಿನ ಉರಿ ನಿಂತು ತಿರುಳು ಮಂಕಾಗುತ್ತದೆ. ಅನಿಲ ಮಾತ್ರ ಹಿಂದಿನ ನೂಕಿನಲ್ಲೇ ಹಿಗ್ಗುತ್ತ, ತೆಳುವಾಗುತ್ತ, ಹತ್ತಿಪ್ಪತ್ತು ಸಾವಿರ ವರ್ಷದಲ್ಲಿ ಕಾಣದಾಗುತ್ತದೆ. ಹಳೆಯ ದುರ್ಬೀನುಗಳಲ್ಲಿ ಇಂಥವು ಗ್ರಹದಂತೆ ದುಂಡಗೆ ಕಂಡದ್ದರಿಂದ ಗ್ರಹೀಯ ನೀಹಾರಿಕೆ ಎಂಬ ಹೆಸರು ಬಿತ್ತು, ಗ್ರಹಗಳಿಗೂ ಅವಕ್ಕೂ ಸಂಬಂಧವಿಲ್ಲ.

ಹಿಗ್ಗುವಂಥದ್ದನ್ನು ಅಳೆಯಬಹುದಲ್ಲ ಎಂದು ತಪಾಸಣೆಯ ಮನುಷ್ಯನಿಗೆ ಅನಿಸಿತು. ಅವರು ಹುಡುಕಿಕೊಂಡ ಉಪಾಯ ಸರಳ. ದುರ್ಬೀನನ್ನು ಅಲುಗದಂತೆ ನಿಲ್ಲಿಸಿದರೆ, ಭೂಮಿ ತಿರುಗುವುದರಿಂದ ಉಂಗುರ ತಾನಾಗಿಯೇ ಸರಿಯುತ್ತ ಹೋಗಿ, ದುರ್ಬೀನಿನೊಳಗೆ ಕಾಣುವ ವೃತ್ತದ ಅಂಚಿನಲ್ಲಿ ಮುಳುಗುತ್ತದೆ. ಅಂಚಿಗೆ ತಾಗಿದಾಗ ಸ್ಟಾಪ್‌ವಾಚು ಒತ್ತಿ, ಪೂರ್ತಿ ಮುಳುಗಿದಾಗ ನಿಲ್ಲಿಸಬೇಕು. ಎಷ್ಟು ಸೆಕೆಂಡು ಹಿಡಿಯಿತೋ ಅದೇ ಉಂಗುರದ ಅಗಲದ ಲೆಕ್ಕ. ೧೯೯೩ರ ಅಕ್ಟೋಬರಿನಲ್ಲಿ, ಮಳೆ ಹೊಳವಾದಮೇಲೆ, ದೀಪ ಹಚ್ಚುವ ಹೊತ್ತು ಕಳೆದು ಕತ್ತಲಾಗುತ್ತಲೇ ಮಾಳಿಗೆಯ ಮೇಲೆ ಆರು ಸಲ ಅಳೆದು ನೋಟಬುಕ್ಕಿನಲ್ಲಿ ಬರೆದರು. ಇನ್ನು ಇಪ್ಪತ್ತೈದು ವರ್ಷ ಬಿಟ್ಟು ಮತ್ತೆ ಅಳೆಯುತ್ತೇನೆ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದರು.

ಹೇಳಿದಂತೆ ಕಾದರು. ಒಂದು ವರ್ಷ ತಡವಾಗಿ, ೨೦೧೯ರಲ್ಲಿ, ಅದೇ ದುರ್ಬೀನನ್ನು ಮುಗದದ ತಮ್ಮನ ಹೊಲಕ್ಕೆ ಒಯ್ದರು. ಬೈರಿದೇವರಕೊಪ್ಪದಲ್ಲಿ ಅಷ್ಟರೊಳಗೆ ಬೀದಿದೀಪಗಳ ಕಾಟ ಹೆಚ್ಚಾಗಿತ್ತು. ಸಂಗವ್ವ ಕಣ್ಣು ಕುಕ್ಕದಂತೆ ಬ್ಯಾಟರಿಗೆ ಕೆಂಪು ಹಾಳೆ ಸುತ್ತಿ ಹಿಡಿದು, ಗಂಡ ಕೂಗಿ ಹೇಳಿದ ಆರು ಅಂಕಿಗಳನ್ನು ಬರೆದುಕೊಂಡರು. ಮನೆಗೆ ಬಂದು ಗುರುಶಿದ್ದಪ್ಪ ಎರಡೂ ಹಾಳೆಗಳನ್ನು ಮಗ್ಗಲು ಮಗ್ಗಲು ಇಟ್ಟು ನೋಡಿದರು. ಆಗಿನವು ಆರು, ಈಗಿನವು ಆರು. ಎರಡು ಕಡೆಯೂ ಹೆಚ್ಚುಕಡಿಮೆ ಅವೇ ಅಂಕಿಗಳು.

"ಇಪ್ಪತ್ತಾರು ವರ್ಷ ಕಾದಿದ್ನಲ್ರಿ ಸರ್," ಎಂದು ಅವರು ಆಮೇಲೆ ನನ್ನ ಮುಂದೆ ಹೇಳಿದರು. "ಏನೂ ಕಾಣಲಿಲ್ಲ ಅಂತ ಬರಿಯಾಕ ಕೈ ಏಳಲಿಲ್ಲ."

ಅವರು ಮಾಡಿದ್ದು ಇಷ್ಟೇ. ಹಳೆಯ ಆರರಲ್ಲಿ ಎಲ್ಲಕ್ಕಿಂತ ಸಣ್ಣದನ್ನು, ೫.೯ ಸೆಕೆಂಡು, ಆರಿಸಿಕೊಂಡರು. ಹೊಸ ಆರರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ೬.೬ ಸೆಕೆಂಡು, ಆರಿಸಿಕೊಂಡರು. ಎರಡನ್ನೇ ಒಂದು ಹೊಸ ರಟ್ಟಿನ ಮೇಲೆ ಬರೆದು, ಕೆಳಗೆ ಒಂದು ಸಣ್ಣ ಉಂಗುರ, ಒಂದು ದೊಡ್ಡ ಉಂಗುರ ಬಿಡಿಸಿದರು. ಎರಡೂ ಅಂಕಿ ಅವರೇ ಅಳೆದದ್ದು, ಒಂದೂ ಹುಟ್ಟಿಸಿದ್ದಲ್ಲ. ಹಾಗೆಂದು ತಮಗೆ ತಾವೇ ಹೇಳಿಕೊಂಡರಂತೆ.

ನಿವೃತ್ತರಾದಮೇಲೆ ಆ ರಟ್ಟು ಅವರನ್ನು ಊರೂರು ತಿರುಗಿಸಿತು. ಶಾಲೆಗಳಿಗೆ ಹೋಗಿ ದುರ್ಬೀನು ತೋರಿಸುತ್ತಿದ್ದರು, ನಕ್ಷತ್ರ ಸಾಯುವ ಕತೆಯನ್ನು ಮಕ್ಕಳು ಬಾಯಿ ತೆರೆದು ಕೇಳುವಂತೆ ಹೇಳುತ್ತಿದ್ದರು. ಕೊನೆಗೆ ರಟ್ಟು ಎತ್ತಿ ಹಿಡಿದು, "ಈ ಉಂಗುರ ಬೆಳದದ್ದನ್ನ ಈ ಎರಡು ಕಣ್ಣಿಲೆ ನೋಡೇನಿ," ಎನ್ನುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಪತ್ರಿಕೆಯಲ್ಲಿ ಫೋಟೋ ಬಂತು. ಶಾಲು, ಹಾರ, ಫಲಕ. ಮೊದಮೊದಲು ಜೊತೆಗೆ ಬರುತ್ತಿದ್ದ ಸಂಗವ್ವ ಮೊಣಕಾಲು ನೋವೆಂದು ಹೇಳಿ ಬರುವುದನ್ನು ಬಿಟ್ಟರು.

ನಮ್ಮಲ್ಲಿಗೆ ಬಂದದ್ದು ೨೦೨೩ರ ನವೆಂಬರಿನಲ್ಲಿ, ಮಧ್ಯಾಹ್ನದ ಊಟ ಆದಮೇಲೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಸಭಾಂಗಣದಲ್ಲಿ ಕೂತಿದ್ದರು. ಉಪನ್ಯಾಸ ಛಲೋ ಆಯಿತು. ರಟ್ಟು ಎತ್ತಿ ತೋರಿಸಿ, ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದಾಗ ಎದ್ದು ನಿಂತವರು ನಮ್ಮ ಗಣಿತದ ಶಿಕ್ಷಕಿ ವಾಣಿಶ್ರೀ. ಶಾಲೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಮೆತ್ತಗೆ ಮಾತಾಡುವ ಹೆಣ್ಣುಮಗಳು.

"ಸರ್, ತಪ್ಪ ತಿಳೀಬ್ಯಾಡ್ರಿ, ಒಂದು ಲೆಕ್ಕ ಕೂಡವಲ್ದು," ಎಂದರು. "ಇಪ್ಪತ್ತಾರು ವರ್ಷದಾಗ ಇಷ್ಟು ಬೆಳದೈತಿ ಅಂದ್ರ, ಹಿಂದಕ್ಕ ಎಣಿಸಿಕೋತ ಹೋದ್ರ ಸುಮಾರು ಎರಡನೂರಾ ಐವತ್ತು ವರ್ಷದ ಹಿಂದ ಉಂಗುರಾನ ಇರೂದಿಲ್ರಿ. ಆದ್ರ ೧೭೭೯ನೇ ಇಸ್ವಿಯಾಗ ಫ್ರಾನ್ಸಿನವ್ರು ಅದನ್ನ ನೋಡಿ, ಗುರುಗ್ರಹದಷ್ಟು ಕಾಣತೈತಿ ಅಂತ ಬರದಾರ. ಅದರ ವಯಸ್ಸು ನಾಲ್ಕೈದು ಸಾವಿರ ವರ್ಷಕ್ಕ ಕಡಿಮಿ ಇಲ್ಲಂತ."

ಗುರುಶಿದ್ದಪ್ಪ ನಕ್ಕರು. "ಮೊದಲಿಂದ ಒಂದ ವೇಗ ಇತ್ತು ಅಂತ ನಿಮಗ ಯಾರ ಹೇಳಿದ್ರು? ನಾ ಈಗಷ್ಟ ಹೇಳಲಿಲ್ಲೇನು? ನಡುವಿನ ನಕ್ಷತ್ರ ಕಾದಂಗ ಕಾದಂಗ ಅನಿಲದ ವೇಗ ಏರ್ತೈತಿ. ಮೊದಲ ಸಾವಕಾಶ, ಈಗ ಜೋರು."

ಆ ಮಾತು ನಿಜವಾದ ವಿಜ್ಞಾನವೇ. ಅದನ್ನು ಸುಳ್ಳಿನ ಮೇಲೆ ಹೊದಿಸಿದ್ದು ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದಿತು ಎಂದು ಆಮೇಲೆ ಹೇಳಿದರು.

ವಾಣಿಶ್ರೀ ಕೂಡಲಿಲ್ಲ. "ಏರತೈತ್ರಿ. ಎರಡು ಪಟ್ಟು, ಮೂರು ಪಟ್ಟು ಏರಬಹುದು. ನಿಮ್ಮ ಅಂಕಿಗೆ ಇಪ್ಪತ್ತು ಪಟ್ಟು ಬೇಕಾಗತೈತಿ. ಮತ್ತ ಈ ಉಂಗುರದ ನಡುವಿನ ನಕ್ಷತ್ರದ ಉರಿ ಆಗಲೇ ನಿಂತೈತಂತ್ರಿ, ಅದು ಆರಾಕತ್ತೇತಿ. ಆರಾಕತ್ತಿದ ನಕ್ಷತ್ರ ಹಿಂಗ ನೂಕೂದು ಹೆಂಗ್ರಿ?"

ಮಕ್ಕಳು ಅವರ ಮುಖ ಇವರ ಮುಖ ನೋಡತೊಡಗಿದರು. ಗುರುಶಿದ್ದಪ್ಪನವರ ಕುತ್ತಿಗೆ ಕೆಂಪಾದದ್ದು ಮಗ್ಗಲಿಗೆ ಕೂತ ನನಗೆ ಕಂಡಿತು.

"ಟೀಚರ, ನೀವು ಪುಸ್ತಕ ನೋಡೀರಿ, ನಾ ಆಕಾಶ ನೋಡೇನಿ," ಎಂದರು. "ಕೈಗೆ ಗ್ರೀಸ್ ಹತ್ತದ ಮಂದಿಗೆ ಅಳತಿ ಅಂದ್ರ ಏನಂತ ತಿಳಿಯೂದಿಲ್ರಿ. ಸೀಮಿಸುಣ್ಣದ ಪುಡಿ ಹತ್ತಿದ್ರ ಸಾಲೂದಿಲ್ಲ."

ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ. ಅಷ್ಟಕ್ಕೇ ಬಿಡದೆ ಎದ್ದು ನಿಂತು, "ವಾಣಿಶ್ರೀ ಅವರ, ಅತಿಥಿಗಳ ಜೋಡಿ ಹಿಂಗ ವಾದ ಮಾಡಬಾರದು. ತಪ್ಪಾತು ಅಂತ ಹೇಳ್ರಿ," ಎಂದೆ. ಅವರು ನನ್ನನ್ನು ನೋಡಿದರು. "ತಪ್ಪಾತ್ರಿ ಸರ್," ಎಂದು ಹೇಳಿ ಕೂತರು. ಶಾಲು ಹೊದಿಸುವ ಕೆಲಸವನ್ನೂ ನಾನು ಅವರಿಂದಲೇ ಮಾಡಿಸಿದೆ.

ಮರುದಿನದಿಂದ ಒಂಬತ್ತನೇ ತರಗತಿಯಲ್ಲಿ ಅವರು ಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ಹಿಂದಿನ ಬೆಂಚಿನಿಂದ "ಗ್ರೀಸ್, ಗ್ರೀಸ್" ಎಂದು ಪಿಸುಗುಟ್ಟುತ್ತಿದ್ದರಂತೆ. ನನ್ನ ಕಿವಿಗೂ ಬಿತ್ತು. ಹುಡುಗರು, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದುಕೊಂಡು ಸುಮ್ಮನಿದ್ದೆ.

ಉಪನ್ಯಾಸದ ದಿನ ಸಂಜೆ ಗುರುಶಿದ್ದಪ್ಪ ಮನೆಗೆ ಹೋಗಿ ಶಾಲನ್ನು ಖುರ್ಚಿಯ ಮೇಲೆ ಒಗೆದು ಕೂತರು. ಚಹಾ ತಂದ ಸಂಗವ್ವ ಕೇಳಿದರು, "ಯಾಕ್ರಿ, ಏನಾತು?"

"ಏನಿಲ್ಲ. ಒಬ್ಬಾಕಿ ಟೀಚರ್ ಲೆಕ್ಕ ಕೇಳಿದ್ಲು. ಕುಂದರಿಸಿ ಬಂದೆ."

"ಲೆಕ್ಕ ಖರೇ ಇತ್ತೇನು?"

ಗುರುಶಿದ್ದಪ್ಪ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಸಂಗವ್ವ ನೆಲದ ಮೇಲೆ ಕೂತರು. "ಒಂದು ಮಾತು ನಾಲ್ಕು ವರ್ಷದಿಂದ ಕೇಳಬೇಕಂತ ಮಾಡೇನ್ರಿ. ಹೊಲದಾಗ ನಾ ಬರಕೊಂಡಿದ್ದು ಆರು ಅಂಕಿ. ನೀವು ಮಂದಿ ಮುಂದ ಒಂದ ಹೇಳ್ತೀರಿ. ಉಳಿದ ಐದು ಎಲ್ಲಿ ಹೋದುವು?"

ನಾಲ್ಕು ವರ್ಷ ಹೆಂಡತಿಗೆ ಗೊತ್ತಿತ್ತು ಎಂಬುದು ಅವರಿಗೆ ಹೊಳೆದದ್ದು ಆಗಲೇ. ಮೊಣಕಾಲಿನಲ್ಲಿ ನೋವಿರಲಿಲ್ಲ ಎಂಬುದೂ. ಚಹಾ ಹಾಗೇ ಆರಿ ಕೆನೆಗಟ್ಟಿತು. ಹಳೆಯ ನೋಟಬುಕ್ಕು ಟ್ರಂಕಿನಲ್ಲಿತ್ತು. ತೆಗೆಯಲು ಅವರಿಗೆ ಎರಡು ವಾರ ಹಿಡಿಯಿತು.

ಮೊದಲು ಅವರು ಹೋದದ್ದು ಶಾಬುದ್ದೀನನ ಹತ್ತಿರ. ಆತ ಈಗ ತಾರಿಹಾಳದ ರಸ್ತೆಯಲ್ಲಿ ಮಗನ ಚಹಾದಂಗಡಿಯಲ್ಲಿ ಕೂಡುತ್ತಾನೆ. ನಡೆದದ್ದನ್ನೆಲ್ಲ ಹೇಳಿ ಗುರುಶಿದ್ದಪ್ಪ ತಲೆ ತಗ್ಗಿಸಿದರು. ಆತ ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದರು. ಆತ ಗಲ್ಲಾದ ಮೇಲಿನ ನೊಣ ಹೊಡೆದ.

"ಅಣ್ಣಾರ, ನಾ ಗೇಜ್ ಹಚ್ಚದ ಬರದಿದ್ದೆ," ಎಂದ. "ಆವತ್ತು ಮನ್ಯಾಗ ಕೂಸಿಗೆ ಜ್ವರಾ ಇತ್ತು, ಲಗೂ ಹೋಗಬೇಕಾಗಿತ್ತು. ನೀವು ಅಳದು, ಖರೇ ಗೊತ್ತಿದ್ದೂ ಸುಳ್ಳು ಬರದೀರಿ. ನನ್ನ ಕೇಳಿದ್ರ ನಾ ಏನ ಹೇಳ್ಲಿ? ಆ ಟೀಚರ್ ಬಾಯೀನ ಕೇಳ್ರಿ, ಹೋಗ್ರಿ."

ಕೂಸಿನ ಜ್ವರದ ಸಂಗತಿ ಗುರುಶಿದ್ದಪ್ಪನವರಿಗೆ ಆವರೆಗೆ ಗೊತ್ತಿರಲಿಲ್ಲ. ಆ ದಿನ ಕಾರ್ಖಾನೆಯಲ್ಲಿ ಅವರು ಕೇಳಿರಲೂ ಇಲ್ಲ.

ಡಿಸೆಂಬರ್ ಮೊದಲ ವಾರ ಒಂದು ಮುಂಜಾನೆ ಅವರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ನೋಟಬುಕ್ಕು, ಒಂದು ಮಡಿಸಿದ ಹಾಳೆ. ನಿಂತುಕೊಂಡೇ ಎಲ್ಲವನ್ನೂ ಹೇಳಿ, ಆ ಮಕ್ಕಳ ಮುಂದೆ ಐದು ನಿಮಿಷ ಮಾತಾಡಲು ಬಿಡಿರಿ ಎಂದರು.

ನನಗೆ ಅದು ಬೇಡವಾಗಿತ್ತು. ಅವರ ಮರ್ಯಾದೆಯ ಚಿಂತೆ ಎಂದು ತೋರಿಸಿಕೊಂಡೆ, ಒಳಗೆ ಇದ್ದದ್ದು ನನ್ನದೇ ಚಿಂತೆ. "ಯಾಕ್ರಿ ಇದೆಲ್ಲಾ? ಹುಡುಗ್ರು ಮರತುಬಿಟ್ಟಾರ," ಎಂದೆ.

"ಆ ಟೀಚರ್ ಬಾಯೀ ಮರತಾರೇನ್ರಿ?" ಎಂದು ಕೇಳಿದರು.

ಒಂಬತ್ತನೇ ತರಗತಿಯಲ್ಲಿ ವಾಣಿಶ್ರೀಯವರದೇ ಪಾಠ ನಡೆದಿತ್ತು. ನಮ್ಮಿಬ್ಬರನ್ನು ಬಾಗಿಲಲ್ಲಿ ನೋಡಿ ಅವರು ಸೀಮೆಸುಣ್ಣ ಕೆಳಗಿಟ್ಟು ಪಕ್ಕಕ್ಕೆ ಸರಿದರು. ಗುರುಶಿದ್ದಪ್ಪ ಮಕ್ಕಳ ಎದುರು ನಿಂತರು. ಊರೂರು ಭಾಷಣ ಮಾಡಿದ ಮನುಷ್ಯ ಅಂಗಿಯ ಗುಂಡಿ ಮುಟ್ಟಿಕೊಳ್ಳತೊಡಗಿದರು.

"ನಾ ನಿಮಗ ಸುಳ್ಳು ಹೇಳಿದ್ದೆ," ಎಂದರು ಕೊನೆಗೆ. "ಉಂಗುರ ಬೆಳದದ್ದನ್ನ ನಾ ನೋಡಿಲ್ಲ. ಅದು ಬೆಳ್ಯಾಕತ್ತೇತಿ ಅನ್ನೂದು ಖರೇ, ಆದ್ರ ನಮ್ಮಿಂದ ಅದು ಎಷ್ಟು ದೂರ ಐತಿ ಅಂದ್ರ, ನನ್ನ ದುರ್ಬೀನಿನಾಗ ಒಂದು ಜನ್ಮದಾಗ ಕಾಣೂದಿಲ್ಲ. ನಾ ಹನ್ನೆರಡು ಅಳತಿ ತಗೊಂಡಿದ್ದೆ. ಬೇಕಾದ ಎರಡು ಇಟಗೊಂಡು ಹತ್ತು ಮುಚ್ಚಿಟ್ಟೆ. ನಿಮ್ಮ ಟೀಚರ್ ಹೇಳಿದ ಲೆಕ್ಕ ಬರೋಬ್ಬರಿ ಇತ್ತು. ಅದು ಬರೋಬ್ಬರಿ ಐತಿ ಅಂತ ತಿಳಿದ ಮ್ಯಾಲೇನ ನಾ ಅವರಿಗೆ ಆ ಮಾತು ಅಂದೆ."

ನೋಟಬುಕ್ಕನ್ನೂ ಹಾಳೆಯನ್ನೂ ವಾಣಿಶ್ರೀಯವರ ಮೇಜಿನ ಮೇಲೆ ಇಟ್ಟು, "ಇವು ಹನ್ನೆರಡೂ ಅದಾವ್ರಿ," ಎಂದರು.

ವಾಣಿಶ್ರೀ ನೋಡಿದರು. ಆಮೇಲೆ ಹಲಗೆ ಒರೆಸಿ ಎರಡು ಸಾಲು ಬರೆದರು. ಮೇಲೆ ೫.೯, ೬.೩, ೬.೧, ೬.೪, ೬.೦, ೬.೫. ಕೆಳಗೆ ೬.೨, ೬.೦, ೬.೬, ೬.೧, ೬.೩, ೫.೯. "ಎರಡರದೂ ಸರಾಸರಿ ತಗೀರಿ," ಎಂದು ಮಕ್ಕಳಿಗೆ ಹೇಳಿದರು. ಪೆನ್ನುಗಳ ಸದ್ದು. ಸಾನ್ವಿ ಎಂಬ ಹುಡುಗಿ ಮೊದಲು ಕೈ ಎತ್ತಿದಳು: "ಮ್ಯಾಲಿಂದು ಆರು ಪಾಯಿಂಟ್ ಎರಡ್ರಿ. ಕೆಳಗಿಂದು ಆರು ಪಾಯಿಂಟ್ ಒಂದು ಎಂಟು. ಟೀಚರ್, ಉಂಗುರ ಸಣ್ಣದಾಗೇತ್ರಿ!"

ಮಕ್ಕಳು ನಕ್ಕರು. ವಾಣಿಶ್ರೀ ನಗಲಿಲ್ಲ. "ಸಣ್ಣದಾಗಿಲ್ಲ. ಕೈ ಒಂದೊಂದು ಸಲ ಲಗೂ ಒತ್ತತೈತಿ, ಒಂದೊಂದು ಸಲ ತಡಾ ಒತ್ತತೈತಿ. ಈ ಅಳತಿ ಹೇಳೂದು ಇಷ್ಟ, ಫರಕ ಕಂಡಿಲ್ಲ. ಹಂಗಂತ ಬರದ್ರೂ ಅದು ಅಳತೀನ," ಎಂದರು.

ಗುರುಶಿದ್ದಪ್ಪ ಕೈ ಮುಗಿದರು. "ತಪ್ಪಾತ್ರಿ ಅವ್ವಾರ."

"ಅಂಕಿ ಮ್ಯಾಲೆ ನನಗ ಸಿಟ್ಟಿಲ್ರಿ," ಎಂದರು ವಾಣಿಶ್ರೀ. "ಆವತ್ತು ಮನಿಗೆ ಹೋಗಿ ಮೂರು ಸಲ ಲೆಕ್ಕಾ ಮಾಡೇನಿ. ಮೂರೂ ಸಲ ಸರಿ ಬಂತು. ಆದರೂ ನನ್ನದ ಎಲ್ಲೋ ತಪ್ಪಿರಬೇಕು ಅಂತ ಅನಿಸಿತ್ತು. ಅಷ್ಟು ಮಂದಿ ನಕ್ಕ ಮ್ಯಾಲೆ ಹಂಗ ಅನಸತೈತ್ರಿ. ಇನ್ನೊಬ್ಬರಿಗೆ ಹಂಗ ಮಾಡಬ್ಯಾಡ್ರಿ."

"ಇಲ್ರಿ," ಎಂದರು ಗುರುಶಿದ್ದಪ್ಪ. ಕ್ಷಮಿಸಿದೆ ಎಂದು ವಾಣಿಶ್ರೀ ಹೇಳಲಿಲ್ಲ, ಇವರೂ ಮತ್ತೆ ಕೇಳಲಿಲ್ಲ.

ನಾನು ಇದೆಲ್ಲ ನಡೆಯುವಾಗ ಬಾಗಿಲ ಹತ್ತಿರ ನಿಂತಿದ್ದೆ. ಅಂದು ಎಲ್ಲರ ಮುಂದೆ ತಪ್ಪೊಪ್ಪಿಸಿದವನು ನಾನು; ಎಲ್ಲರ ಮುಂದೆಯೇ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಗಡಿಯಾರ ನೋಡಿ, ತಾಸು ಮುಗಿಯಿತು ಎಂದೆ. ವಾಣಿಶ್ರೀಯವರಿಗೆ ನನ್ನ ಮಾತು ಹೇಳಿದ್ದು ಎಂಟು ದಿನ ಬಿಟ್ಟು, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ. "ಆವತ್ತು ನಾ ಹಂಗ ಮಾಡಬಾರದಿತ್ತು," ಎಂದೆ. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು. "ಆತು ಬಿಡ್ರಿ ಸರ್," ಎಂದು ಮುಂದಿನ ಹಾಳೆ ತಿರುವಿದರು. ಯಾರೂ ಇಲ್ಲದಾಗ ಹೇಳಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಾಯಿಗೆ ಧೈರ್ಯ ಬಾರದ ಕಾರಣಕ್ಕೇ ಇರಬೇಕು, ಈಗ ಬರೆಯುತ್ತಿದ್ದೇನೆ.

ಗುರುಶಿದ್ದಪ್ಪನವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ತಾವು ಹೋಗಿದ್ದ ನಲವತ್ತೊಂದು ಶಾಲೆಗಳಿಗೂ ಪತ್ರ ಬರೆದರು. ಹನ್ನೆರಡು ಅಂಕಿ, ಸರಾಸರಿ, ಎರಡು ಸಾಲಿನ ತಪ್ಪೊಪ್ಪಿಗೆ. ವಿಳಾಸ ಬರೆದವರು ಸಂಗವ್ವ. ಉತ್ತರ ಬಂದದ್ದು ಮೂರಕ್ಕೆ. ಅದರಲ್ಲಿ ಒಂದು ಊರಿನ ಹೆಡ್‌ಮಾಸ್ತರರು ಫೋನು ಮಾಡಿ, "ಮಕ್ಕಳಿಗೆ ಭಾಳ ಖುಷಿ ಆಗಿತ್ರಿ, ಇರ್ಲಿ ಬಿಡ್ರಿ, ಮುಂದಿನ ವರ್ಷನೂ ಬಂದು ಅದನ್ನ ಹೇಳ್ರಿ," ಎಂದರಂತೆ. ಫೋಟೋ ಹಾಕಿದ್ದ ಪತ್ರಿಕೆ ಪತ್ರವನ್ನು ಅಚ್ಚು ಮಾಡಲಿಲ್ಲ. ಓಣಿಯಲ್ಲಿ ಈಗಲೂ ಕೆಲವರು "ಉಂಗುರ ಬೆಳಸಿದ ಅಜ್ಜಾರು" ಎನ್ನುತ್ತಾರೆ. ಹಾಗೆ ಕರೆದಾಗಲೆಲ್ಲ ಅವರು ನಿಂತು, ಹಾಗಲ್ಲ ಎಂದು ಬಿಡಿಸಿ ಹೇಳುತ್ತಾರೆ. ಕೇಳಿದವರಿಗೆ ಬೇಸರ ಬರುವಷ್ಟು.

ಮರುವರ್ಷ ನವೆಂಬರಿನಲ್ಲಿ ವಾಣಿಶ್ರೀಯವರೇ ಅವರಿಗೆ ಫೋನು ಮಾಡಿ, ಮಕ್ಕಳ ಕೈಯಿಂದಲೇ ಅಳೆಸೋಣ, ದುರ್ಬೀನು ತರುತ್ತೀರಾ ಎಂದು ಕೇಳಿದರು. ತಂದರು. ಭಾಷಣ ಬೇಡವೆಂದು ಮೊದಲೇ ಹೇಳಿದ್ದರು, ಶಾಲು ಹಾರ ಕೂಡ. ಸಂಜೆ ಏಳಕ್ಕೆ ಶಾಲೆಯ ಬಯಲಿನಲ್ಲಿ ದುರ್ಬೀನು ನಿಲ್ಲಿಸಿ, ಉಂಗುರ ಹಿಡಿದು ಕೊಟ್ಟು, ಸಂಗವ್ವನವರ ಜೊತೆ ಕಂಪೌಂಡಿನ ಕಟ್ಟೆಯ ಮೇಲೆ ಕೂತರು. ಮಕ್ಕಳು ಸಾಲಾಗಿ ಬಂದು ಸ್ಟಾಪ್‌ವಾಚು ಒತ್ತಿ ಬರೆದುಕೊಳ್ಳುತ್ತಿದ್ದರು.

ಒಬ್ಬ ಹುಡುಗಿ ಅಳೆದು ಮುಗಿಸಿ, ಹಾಳೆ ಹಿಡಿದು ಅವರ ಹತ್ತಿರ ಓಡಿಬಂದಳು. "ಅಜ್ಜಾರ, ಎಷ್ಟು ಬರಬೇಕ್ರಿ?"

ಗುರುಶಿದ್ದಪ್ಪ ಗಾಬರಿಯಾದವರಂತೆ ಎದ್ದು ನಿಂತರು. "ನನ್ನ ಕೇಳಬ್ಯಾಡವಾ," ಎಂದರು. "ನಿನಗ ಎಷ್ಟು ಬಂತೋ ಅಷ್ಟ ಬರಿ."